ಬಲಿಯದ ಪೊರೆ

ಭಾವ ಬಾಗಿಲ ಚೌಕಟ್ಟಿಗೆ ಎಡಭುಜ ಹೊಡೆಸಿಕೊಂಡ ಸದ್ದು ಕೇಳಿದಾಗ ಪುಟ್ಟಿ ಕಿಟಕಿಯ ಪಕ್ಕ ಕೂತು ಟೀ ಕುಡಿಯುತ್ತಿದ್ದಳು. ಮೊನ್ನೆ ಬಕೆಟ್ಟು ಒದ್ದಿದ್ದ, ಅದಕ್ಕೂ ಮುಂಚೆ ಮೇಜಿನ ಮೇಲಿದ್ದ ಲೋಟಕ್ಕೆ ಕೈ ತಾಗಿಸಿ ಕೆಡವಿದ್ದ. ಎಲ್ಲವೂ ಎಡಗಡೆಯವೇ. "ಥತ್, ಈ ಬಾಗಿಲು ಮಾಡಿದೋನಿಗೆ ಅಳತೆ ಅನ್ನೋದೇ ಗೊತ್ತಿಲ್ಲ" ಎಂದು ಭುಜ ಉಜ್ಜಿಕೊಳ್ಳುತ್ತಾ ಕೆಳಗಿನ ಅಂಗಡಿಗೆ ಇಳಿದುಹೋದ. ಆ ಬಾಗಿಲು ಅವನ ಮದುವೆಯ ಕಾಲದಿಂದಲೂ ಅಷ್ಟೇ ಅಗಲ ಇತ್ತು.

ಎದುರಿಗೆ ಪುಟ್ಟಿ ಅವನನ್ನು 'ನೀವು' ಎಂದೇ ಮಾತಾಡಿಸುತ್ತಿದ್ದಳು. ಮನಸ್ಸಿನೊಳಗೆ ಅವನು 'ಅವನು' ಆಗಿ ಬಹಳ ದಿನವಾಗಿತ್ತು. ನಾವು ಅವಳ ಮನಸ್ಸಿನ ಲೆಕ್ಕದಲ್ಲೇ ಹೋಗೋಣ, ಆ ಮನುಷ್ಯನಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲಬೇಕು ಅಂತ ನನಗಂತೂ ಅನ್ನಿಸುವುದಿಲ್ಲ.

ಸದ್ದು ಕೇಳಿ ಪುಟ್ಟಿಗೆ ಖುಷಿಯಾಯಿತು. ಸಣ್ಣ ಖುಷಿಯಲ್ಲ, ಹೊಟ್ಟೆ ತಣ್ಣಗಾಗುವಂಥದ್ದು. ಒಂದು ಪಕ್ಕದ ನೋಟ ಮೊದಲು ಹೇಗೆ ಕಳ್ಳಹೆಜ್ಜೆ ಇಟ್ಟು ಜಾರಿಕೊಳ್ಳುತ್ತದೆ, ಹೋದದ್ದು ಹೋದವರಿಗೇ ಹೇಗೆ ಗೊತ್ತಾಗುವುದಿಲ್ಲ, ಬಾಗಿಲನ್ನೂ ಬಕೆಟ್ಟನ್ನೂ ಬೈದುಕೊಂಡು ಹೇಗೆ ದಿನ ದೂಡುತ್ತೇವೆ, ಇದೆಲ್ಲ ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವಳೂ ಬೈದಿದ್ದಳು, ಅದೇ ಬಾಗಿಲನ್ನು.

ಪುಟ್ಟಿ ಅಂದರೆ ಚಿಕ್ಕ ಹುಡುಗಿಯಲ್ಲ. ಐವತ್ತು ದಾಟಿದ ಹೆಂಗಸು, ಅಕ್ಕನ ಬಾಯಲ್ಲಿ ಉಳಿದುಕೊಂಡ ಹೆಸರು ಅದು. ಅವಳ ಕೆಲಸ ರಫೂ. ಒಳ್ಳೆಯ ಕೋಟಿಗೆ ಸಿಗರೇಟಿನ ಕಿಡಿ ಬಿದ್ದು ತೂತಾದರೆ, ಉಣ್ಣೆಯ ಶಾಲಿಗೆ ನುಸಿ ಹಿಡಿದರೆ, ಜನ ಅವಳ ಹತ್ತಿರ ತರುತ್ತಿದ್ದರು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಮೇಲೊಂದು ಕೆಳಗೊಂದು ದಾಟಿಸಿ, ತೂತಿದ್ದ ಜಾಗದಲ್ಲಿ ಹೊಸದಾಗಿ ಬಟ್ಟೆಯನ್ನೇ ನೇಯ್ದುಬಿಡುತ್ತಿದ್ದಳು. ವಾಪಸು ತೆಗೆದುಕೊಳ್ಳುವಾಗ "ಎಲ್ಲಿತ್ತಮ್ಮ ತೂತು?" ಅಂತ ಗಿರಾಕಿ ಕೇಳಬೇಕು. ಕೇಳದಿದ್ದರೆ ಅವಳಿಗೆ ಅವತ್ತಿನ ಊಟ ರುಚಿಸುತ್ತಿರಲಿಲ್ಲ.

ಮದುವೆ ಆಗಲಿಲ್ಲ, ಆಗಬೇಕು ಅಂತ ಒದ್ದಾಡಲೂ ಇಲ್ಲ. ಅಕ್ಕನ ಮನೆಯ ಮಹಡಿಯಲ್ಲಿ ಬೆಳಕು ಬೀಳುವ ಒಂದು ಕೋಣೆ, ಒಂದು ಉದ್ದನೆಯ ಮೇಜು, ಇಸ್ತ್ರಿಯ ಹಬೆ, ಎಲ್ಲೆಲ್ಲೂ ಉಣ್ಣೆಯ ಧೂಳು. ಆ ಧೂಳಿಗೆ ಕಣ್ಣು ಕೆಂಪಗಾಗುತ್ತಿತ್ತು, ತುರಿಸುತ್ತಿತ್ತು.

ಕೆಳಗೆ ಭಾವನ ಮೆಡಿಕಲ್ ಶಾಪು. ಬೀದಿಯವರೆಲ್ಲ ಅವನನ್ನು 'ಡಾಕ್ಟ್ರೇ' ಅನ್ನುತ್ತಿದ್ದರು. ಓದಿದ್ದು ಔಷಧಿ ಮಾರುವುದಕ್ಕೆ ಎಷ್ಟು ಬೇಕೋ ಅಷ್ಟು. ಆದರೆ ಡಾಕ್ಟ್ರೇ ಅಂದವರನ್ನು ಅವನು ಒಂದು ದಿನವೂ ತಿದ್ದಲಿಲ್ಲ. ಕೆಮ್ಮು ಅಂದರೆ ಒಂದು ಬಾಟಲಿ, ಸೊಂಟ ಅಂದರೆ ಒಂದು ಮಾತ್ರೆ, ನಾಲಿಗೆ ತೋರಿಸು ಅನ್ನುವುದು ಬೇರೆ. ಪುಟ್ಟಿಯ ಕೆಂಪು ಕಣ್ಣು ನೋಡಿ ಹನಿಯ ಒಂದು ಪುಟ್ಟ ಬಾಟಲಿ ತಂದುಕೊಟ್ಟ. "ಬೆಳಿಗ್ಗೆ ಒಂದು, ಸಂಜೆ ಒಂದು ಹಾಕ್ಕೋ. ಮಂಜಿನ ಥರ ತಂಪು." ಹಾಕಿಕೊಂಡಳು. ಕೆಂಪು ಇಳಿಯಿತು, ತುರಿಕೆ ನಿಂತಿತು. ಬಾಟಲಿ ಮುಗಿದ ಕೂಡಲೇ ಇನ್ನೊಂದು ಬರುತ್ತಿತ್ತು. ವರ್ಷಗಟ್ಟಲೆ ಬಂತು.

ಅವಳ ಕೆಲಸಕ್ಕೆ ಬೇಕಾದದ್ದು ಒಂದು ಗುಂಡಿಯಷ್ಟು ಜಾಗದ ನೋಟ. ಸೂಜಿಯ ತುದಿ, ಎಳೆ, ತೂತು, ಅಷ್ಟೇ. ಆ ಗುಂಡಿಯಷ್ಟು ಜಾಗ ಕೊನೆಯವರೆಗೂ ಚೊಕ್ಕವಾಗಿತ್ತು. ಸುತ್ತಲಿನ ಲೋಕ ಯಾವಾಗ ಕರಗಿತು ಅನ್ನುವುದು ಅವಳ ಗಮನಕ್ಕೇ ಬರಲಿಲ್ಲ. ದೀಪದ ಸುತ್ತ ಬಣ್ಣದ ಬಳೆ ಕಾಣಿಸತೊಡಗಿದಾಗ, ಮೆಟ್ಟಿಲು ತಪ್ಪತೊಡಗಿದಾಗ, ಭಾವನಿಗೆ ಹೇಳಿದಳು. ಅವನು ಅವಳ ರೆಪ್ಪೆ ಎತ್ತಿ, ಟಾರ್ಚು ಬಿಟ್ಟು, ಗಂಭೀರವಾಗಿ ಹೂಂಗುಟ್ಟಿದ.

"ಪೊರೆ. ಈಗಿನ್ನೂ ಎಳೇದು. ಬಲೀಲಿ, ಬಲಿತ ಮೇಲೆ ತೆಗೆಸಿಬಿಡೋಣ. ಹತ್ತು ನಿಮಿಷದ ಕೆಲಸ."

ಪೊರೆ ಬಲಿಯಬೇಕು ಅನ್ನುವುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಅವಳು ನಂಬಿದಳು. ಅಕ್ಕ ನಂಬಿದಳು. ಕಾದರು. ಹನಿ ಮಾತ್ರ ನಿಲ್ಲಲಿಲ್ಲ, ಬೆಳಿಗ್ಗೆ ಒಂದು, ಸಂಜೆ ಒಂದು. ಒಂದು ದಿನ ಕಪ್ಪು ಕೋಟಿನ ಮೇಲೆ ಕಪ್ಪು ಎಳೆ ಹುಡುಕುತ್ತಾ ಕೂತವಳಿಗೆ ಕೋಟೇ ಸಿಗಲಿಲ್ಲ. ಕೋಟು ತೊಡೆಯ ಮೇಲಿತ್ತು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ನಿಜವಾದ ಡಾಕ್ಟರು. ಮೆತ್ತಗೆ ಮಾತಾಡುವವರು, ಆದರೆ ಮಾತಿಗೆ ಸಕ್ಕರೆ ಹಚ್ಚುವವರಲ್ಲ. ಪುಟ್ಟಿಯ ಚೀಲದಿಂದ ಹನಿಯ ಬಾಟಲಿ ತೆಗೆಸಿ, ಹೆಸರು ಓದಿ, ಮೇಜಿನ ಮೇಲಿಟ್ಟರು.

"ಇದು ಪೊರೆ ಅಲ್ಲಮ್ಮ, ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಹಿಂದಿನ ನರ ಸಾಯ್ತಾ ಬಂದಿದೆ. ಈ ಹನಿ ಸ್ಟೀರಾಯ್ಡು. ನಾಲ್ಕು ದಿನಕ್ಕೆ ಅಂತ ಇರೋದನ್ನ ಹೇಳೋರು ಕೇಳೋರು ಇಲ್ದೆ ವರ್ಷಗಟ್ಟಲೆ ಹಾಕ್ಕೊಂಡ್ರೆ ಕೆಲವರಿಗೆ ಹೀಗಾಗತ್ತೆ. ಎಲ್ಲರಿಗೂ ಅಲ್ಲ. ಆಗೋರಿಗೆ ನೋವಿಲ್ಲ, ಸದ್ದಿಲ್ಲ. ಯಾರು ಕೊಟ್ರು?"

"ಮೆಡಿಕಲ್ ಶಾಪಲ್ಲಿ" ಎಂದಳು ಪುಟ್ಟಿ. ಪಕ್ಕದಲ್ಲಿ ಅಕ್ಕನ ಉಸಿರು ಸಿಕ್ಕಿಹಾಕಿಕೊಂಡದ್ದು ಕೇಳಿಸಿತು.

"ಹೋದ ನೋಟ?"

"ವಾಪಸ್ ಬರಲ್ಲಮ್ಮ. ಪೊರೆ ಆಗಿದ್ದಿದ್ರೆ ಬರ್ತಿತ್ತು."

ರಾತ್ರಿಯ ಊಟಕ್ಕೆ ಮೊದಲು ಅಕ್ಕ ಅಳುತ್ತಾ ಗಂಡನಿಗೆ ಅಷ್ಟನ್ನೂ ಹೇಳಿದಳು. ಪುಟ್ಟಿ ಮೂಲೆಯ ಕುರ್ಚಿಯಲ್ಲಿ ಕಾದು ಕೂತಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ ಮಾತು. 'ನಾನು ಕೊಟ್ಟ ಹನಿಯಿಂದ ನಿನ್ನ ಕಣ್ಣು ಹೋಯಿತು' ಅಂತ ಅವನು ಬಾಯಿಬಿಟ್ಟು ಅಂದುಬಿಟ್ಟಿದ್ದರೆ ಅವತ್ತು ಅವಳು ಅತ್ತು, ಬೈದು, ಪ್ರಾಯಶಃ ಒಂದು ವರ್ಷ ಮಾತು ಬಿಟ್ಟು, ಆಮೇಲೆ ಕ್ಷಮಿಸಿಬಿಡುತ್ತಿದ್ದಳು. ನನಗೆ ಹಾಗನ್ನಿಸುತ್ತದೆ. ಅವಳಿಗೂ ಹಾಗೇ ಅನ್ನಿಸುತ್ತಿತ್ತು.

ಅವನು ನಕ್ಕ.

"ಆ ಹುಡುಗಿ ಡಾಕ್ಟ್ರಿಗೆ ಏನ್ ಗೊತ್ತು? ಹನಿಯಿಂದ ಕಣ್ಣು ಹೋಗತ್ತಂತೆ! ನಾನೂ ಹಾಕ್ಕೋತೀನಲ್ಲ ಇದನ್ನ, ನನಗೇನಾಗಿದೆ? ತಗೊಂಡ್ ಬಾ ಇಲ್ಲಿ." ಬಾಟಲಿಯ ಮುಚ್ಚಳ ತಿರುಗಿದ ಸದ್ದು, ಕುರ್ಚಿ ಹಿಂದಕ್ಕೆ ವಾಲಿದ ಸದ್ದು. "ನೋಡು, ಬಲಕ್ಕೊಂದು. ಎಡಕ್ಕೆರಡು. ಆಯ್ತಾ? ನಾಳೆ ಕುರುಡಾಗಿದ್ರೆ ಹೇಳು."

ಮೊದಲು ಅವನು ಯಾವಾಗಲೋ ಒಮ್ಮೆ ಹಾಕಿಕೊಳ್ಳುತ್ತಿದ್ದವನು. ಅವತ್ತಿನಿಂದ ದಿನಾ ಹಾಕಿಕೊಳ್ಳತೊಡಗಿದ. ಎಲ್ಲರ ಎದುರಿಗೆ, ಅಂಗಡಿಯ ಗಲ್ಲಾದ ಹಿಂದೆ, ಊಟದ ಮೇಜಿನಲ್ಲಿ. ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತದಲ್ಲ. ಜಂಬ ಅನ್ನುವುದು ಮನುಷ್ಯನ ಕೈಯಲ್ಲಿ ಏನೇನು ಮಾಡಿಸುತ್ತದೆ ನೋಡಿ.

ಬೀದಿಯಲ್ಲಿ ಗುಸುಗುಸು ಶುರುವಾಗಿತ್ತು. ಅದನ್ನು ಮುಚ್ಚಿಹಾಕಲು ಅವನು ಇನ್ನೊಂದು ನಾಟಕ ಹೂಡಿದ. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ನಾಲ್ಕು ಜನ ಸೇರಿದ್ದಾಗ, ಪುಟ್ಟಿಯನ್ನು ಅಕ್ಕ ಕೈಹಿಡಿದು ಇಳಿಸಿಕೊಂಡು ಬರುತ್ತಿದ್ದಾಗ, ಎದೆಯ ಮೇಲೆ ಕೈಯಿಟ್ಟುಕೊಂಡು ಗಟ್ಟಿಯಾಗಿ ಹೇಳಿದ: "ನನ್ನ ಒಂದು ಕಣ್ಣು ತೆಗೆಸಿ ಇವಳಿಗೆ ಹಾಕಿಸ್ತೀನಿ. ದೇವರು ನನಗೆ ಎರಡು ಕೊಟ್ಟಿದಾನೆ. ತಂಗಿ ಸಮಾನ ಇವಳು."

"ಎಂಥಾ ಮನುಷ್ಯ ರೀ ನೀವು" ಎಂದ ಎದುರಿನ ಕ್ಷೌರಿಕ. ಅವನು ನಿಜವಾಗಿಯೂ ನಂಬಿದ್ದ. "ನಮ್ಮ ಮನೇಲಿ ಭಾವಂದಿರು ಕಣ್ಣು ಹಾಕೋದು ನೋಡಿದೀನಿ, ಕಣ್ಣು ಹಾಕಿಸೋರನ್ನ ಇವತ್ತೇ ನೋಡಿದ್ದು."

ಎಲ್ಲರೂ ನಕ್ಕರು. ಭಾವನೂ ನಕ್ಕ. ನಗು ಮುಗಿಯಲಿ ಅಂತ ಪುಟ್ಟಿ ಕಾದಳು.

"ಆಗ್ಲಿ ಭಾವ. ನಿಮ್ಮ ಮನಸ್ಸು ದೊಡ್ಡದು. ನಾಳೆನೇ ಹೋಗೋಣ ಆಸ್ಪತ್ರೆಗೆ."

ಅವನು ತಡವರಿಸಿದ. "ನಾಳೆ... ನಾಳೆ ಅಂಗಡಿಗೆ ಮಾಲು ಬರತ್ತೆ."

"ನಾನು ನೋಡ್ಕೋತೀನಿ ಡಾಕ್ಟ್ರೇ, ಬೀಗದ ಕೈ ನನ್ನ ಹತ್ರ ಕೊಟ್ಟು ಹೋಗಿ" ಎಂದ ಕ್ಷೌರಿಕ. ಒಳ್ಳೆಯ ಮನುಷ್ಯ, ಪಾಪ.

ಪುಟ್ಟಿಗಾಗಲಿ ಭಾವನಿಗಾಗಲಿ ಗೊತ್ತಿರಲಿಲ್ಲ, ಇದು ಆಗುವ ಕೆಲಸವೋ ಅಲ್ಲವೋ ಅಂತ. ಪುಟ್ಟಿ ಒಳಗೊಳಗೇ ಆಸೆಪಟ್ಟಿದ್ದಳು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ನೋಟ ಬರುವ ಆಸೆಗಿಂತ ಅವನು ಹೆದರುವುದನ್ನು ಕೇಳುವ ಆಸೆ ದೊಡ್ಡದಿತ್ತು. ಬಸ್ಸಿನಲ್ಲಿ ಅವನು ಎರಡೆರಡು ಸಲ ಬೆವರು ಒರೆಸಿಕೊಂಡ.

"ಬಲಗಣ್ಣು ತಗೋತಾರೋ, ಎಡಗಣ್ಣೋ?"

"ನಿಮಗೆ ಯಾವುದು ಬೇಡ್ವೋ ಅದನ್ನ ಕೊಡಿ ಭಾವ. ನನಗೆ ಯಾವುದಾದ್ರೂ ಆಗತ್ತೆ."

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. "ಕಣ್ಣುದಾನ ಅಂತ ನಾವೆಲ್ಲ ಹೇಳಿ ಹೇಳಿ ಹೀಗಾಗಿದೆ. ಹಾಕೋದು ಇಡೀ ಕಣ್ಣನ್ನಲ್ಲ. ಕಪ್ಪು ಗುಡ್ಡೆ ಮುಂದೆ ಗಡಿಯಾರದ ಗಾಜಿನ ಥರ ಒಂದು ಪದರ ಇರತ್ತೆ, ಕಾರ್ನಿಯಾ ಅಂತೀವಿ. ಆ ಗಾಜು ಮಬ್ಬಾದೋರಿಗೆ, ತೀರಿಕೊಂಡೋರ ಗಾಜು ತೆಗೆದು ಹೊಲಿದ್ರೆ ನೋಟ ಬರತ್ತೆ. ಬದುಕಿರೋರ ಚೆನ್ನಾಗಿರೋ ಕಣ್ಣನ್ನ ಯಾರೂ ತೆಗೆಯಲ್ಲ. ಇವರ ಗಾಜು ಚೆನ್ನಾಗೇ ಇದೆ. ಸತ್ತಿರೋದು ಹಿಂದಿನ ನರ."

"ಹೊಲಿತಾರಾ?" ಎಂದಳು ಪುಟ್ಟಿ. "ಎಂಥ ದಾರದಲ್ಲಿ?"

"ಕೂದಲಿಗಿಂತ ಸಣ್ಣ ದಾರ."

"ಹಾಗಾದ್ರೆ ನರಾನೂ ಎಳೆ ತಾನೇ ಡಾಕ್ಟ್ರೇ? ಇವರ ಕಣ್ಣಿನ ಎಳೆಗೆ ನನ್ನ ಎಳೆ ಸೇರಿಸಿ ನೇಯೋಕಾಗಲ್ವಾ? ನಾನು ಜೀವಮಾನ ಎಲ್ಲಾ ಅದನ್ನೇ ಮಾಡಿದೀನಿ."

ಡಾಕ್ಟರಮ್ಮನ ಕುರ್ಚಿ ಹತ್ತಿರ ಬಂತು. "ಒಂದೊಂದು ಕಣ್ಣಿಗೆ ಹತ್ತು ಲಕ್ಷಕ್ಕೂ ಮೇಲೆ ಎಳೆ. ಯಾವ ಎಳೆ ಮಿದುಳಲ್ಲಿ ಎಲ್ಲಿಗೆ ಹೋಗಬೇಕು ಅನ್ನೋದು ಬೇರೆ. ಅದೂ ಇರಲಿ, ಬಟ್ಟೆ ಎಳೆ ಕತ್ತರಿಸಿದ್ರೂ ಎಳೆಯಾಗೇ ಇರತ್ತೆ. ನರದ ಎಳೆ ಕತ್ತರಿಸಿದ್ರೆ ಸಾಯತ್ತೆ. ಪ್ರಪಂಚದಲ್ಲಿ ಒಂದು ಕಡೆ ಇಡೀ ಕಣ್ಣನ್ನೇ ಕೂಡಿಸಿ ನೋಡಿದಾರೆ. ರಕ್ತ ಹರೀತು, ಕಣ್ಣು ಬದುಕ್ತು. ನೋಟ ಬರಲಿಲ್ಲ. ಮುಂದೆ ಯಾವತ್ತಾದ್ರೂ ಬರಬಹುದು. ನಮ್ಮ ನಿಮ್ಮ ಕಾಲದಲ್ಲಿ ಅಂತ ನಾನು ಸುಳ್ಳು ಹೇಳಲ್ಲ."

ಆಗ ಭಾವ ನಿಟ್ಟುಸಿರು ಬಿಟ್ಟ. ಉದ್ದನೆಯ, ಹೊಟ್ಟೆಯ ತಳದಿಂದ ಬಂದ, ಬದುಕಿಕೊಂಡೆ ಅನ್ನುವ ಉಸಿರು. ಅದೇ ಕ್ಷಣ ಪುಟ್ಟಿಯ ಮುಖದ ಮೇಲೆ ಒಂದು ಬಾಗಿಲು ಮುಚ್ಚಿತ್ತು, ಮತ್ತು ಪಕ್ಕದಲ್ಲಿ ಈ ಮನುಷ್ಯ ಹಾಯಾಗಿ ಉಸಿರು ಬಿಡುತ್ತಿದ್ದ. ಹನಿಯನ್ನು ಅವಳು ಎಂದಾದರೂ ಮನ್ನಿಸುತ್ತಿದ್ದಳೋ ಏನೋ, ಆ ಉಸಿರನ್ನು ಮಾತ್ರ ಇಲ್ಲ.

"ನಾನಂತೂ ತಯಾರಿದ್ದೆ, ಇವರಿಗೇ ಆಗಲ್ಲ ಅಂದ್ರೆ ಏನ್ ಮಾಡೋದು" ಎನ್ನುತ್ತಾ ಅವನು ಹೊರಗಿನ ಬೆಂಚಿಗೆ ಹೋದ. ಅಲ್ಲಿ ಕೂತವರಿಗೂ ತನ್ನ ತ್ಯಾಗದ ಕಥೆ ಶುರುಮಾಡಿದ್ದು ಒಳಗೆ ಕೇಳಿಸುತ್ತಿತ್ತು.

ಡಾಕ್ಟರಮ್ಮ ದನಿ ತಗ್ಗಿಸಿದರು. "ಒಂದು ವಿಷಯ. ನಿಮ್ಮ ಮನೇಲಿ ಇನ್ಯಾರಾದ್ರೂ ಆ ಹನಿ ಹಾಕ್ಕೋತಿದಾರಾ? ಇದ್ರೆ ಇವತ್ತೇ ನಿಲ್ಲಿಸಿ, ಕರ್ಕೊಂಡು ಬನ್ನಿ. ಬೇಗ ಹಿಡಿದ್ರೆ ಉಳಿಸಬಹುದು."

ಹೊರಗೆ ಭಾವ ಹೇಳುತ್ತಿದ್ದ, "ಎರಡು ಕಣ್ಣು ಇದ್ಮೇಲೆ ಒಂದು ಕೊಡೋದೇನು ದೊಡ್ಡದು ಸ್ವಾಮಿ..."

"ಯಾರೂ ಇಲ್ಲ ಡಾಕ್ಟ್ರೇ" ಎಂದಳು ಪುಟ್ಟಿ.

ಬಾಯಿತಪ್ಪಿ ಬಂದ ಮಾತಲ್ಲ ಅದು. ತೂಕ ಮಾಡಿ ಆಡಿದ ಮಾತು.

ಆಮೇಲೆ ತನ್ನ ಮನಸ್ಸಿನೊಳಗೇ ಒಂದು ಕರಾರು ಮಾಡಿಕೊಂಡಳು. ಅವನು ಆ ಒಂದು ಮಾತನ್ನು ಆಡಿದ ದಿನ ಹೇಳಿಬಿಡುತ್ತೇನೆ, ಭಾವ ಹನಿ ನಿಲ್ಲಿಸಿ, ಆಸ್ಪತ್ರೆಗೆ ಓಡಿ ಅಂತ. ಅಲ್ಲಿಯವರೆಗೆ ಬಾಯಿಗೆ ಬೀಗ. ಇದರಿಂದ ಅವಳಿಗೆ ತಾನು ನ್ಯಾಯವಾಗಿಯೇ ಇದ್ದೇನೆ ಅನ್ನುವ ಧೈರ್ಯ ಬಂತು. ಅವನ ಕಣ್ಣು ಅವನ ನಾಲಿಗೆಯ ಮೇಲೇ ಇದೆ, ಬೇಕಾದರೆ ಉಳಿಸಿಕೊಳ್ಳಲಿ. ಇಂಥ ಲೆಕ್ಕಾಚಾರ ಹಾಕುವುದರಲ್ಲಿ ಹೊಟ್ಟೆಯುರಿದವರಷ್ಟು ಜಾಣರು ಬೇರೆ ಯಾರೂ ಇಲ್ಲ.

ಅವಳು ಕಾದಳು. ಕಣ್ಣಿಲ್ಲದ ಮೇಲೆ ಅವಳಿಗೆ ಆ ಮನೆ ಪೂರ್ತಿ ಕಿವಿಯಲ್ಲಿ ಇತ್ತು. ಮುಚ್ಚಳ ತಿರುಗುವ ಸದ್ದು, ಅವನ "ಆಹಾ" ಅನ್ನುವ ಉದ್ಗಾರ. ಯಾವತ್ತಾದರೂ ಅವನು ಮರೆತರೆ ಅವಳೇ ನೆನಪಿಸುತ್ತಿದ್ದಳು. "ಇವತ್ತು ಹನಿ ಹಾಕ್ಕೊಂಡ ಸದ್ದೇ ಕೇಳಲಿಲ್ಲ ಭಾವ? ಹೆದರಿಕೆ ಆಯ್ತಾ?" ತಕ್ಷಣ ಬಾಟಲಿ ಹೊರಬರುತ್ತಿತ್ತು.

ಒಂದು ಮಧ್ಯಾಹ್ನ ಅವನು ಅವಳ ಕೋಣೆಗೆ ಬಂದು, ಖಾಲಿ ಮೇಜಿನ ಅಂಚಿಗೆ ಒರಗಿ ನಿಂತ.

"ಪುಟ್ಟಿ, ಆ ಹನಿ ವಿಷಯ..."

ಬಂತು, ಈಗ ಬರುತ್ತದೆ. ಅವಳಿಗೆ ಆಶ್ಚರ್ಯವಾದದ್ದೆಂದರೆ, ಆ ಕ್ಷಣದಲ್ಲಿ ಅವಳು ಬಯಸಿದ್ದು ಅವನು ಹೇಳಲಿ ಅಂತಲೇ. ಎದ್ದು ಅವನ ಕೈಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗಲು ಕಾಲು ತಯಾರಾಗಿತ್ತು.

"...ಆ ಕಂಪನಿ ಮಾಲೇ ಸರಿ ಇರಲಿಲ್ಲ ಅನ್ಸತ್ತೆ. ನಿನಗೆ ಬಂದ ಬಾಟಲಿಗಳಲ್ಲಿ ಏನೋ ದೋಷ ಇದ್ದಿರ್ಬೇಕು. ನಾನೀಗ ಬೇರೆ ಕಂಪನಿದು ತರಿಸ್ತಿದೀನಿ. ಔಷಧಿ ಅದೇ, ಮಾಲು ಏ-ಒನ್."

"ಒಳ್ಳೇದಾಯ್ತು ಭಾವ" ಎಂದಳು. ಮತ್ತೆ ಕುರ್ಚಿಗೆ ಒರಗಿದಳು.

ಅಲ್ಲಿಂದ ಮುಂದೆ ಬಾಗಿಲು, ಬಕೆಟ್ಟು, ಲೋಟ. ಅಕ್ಕನಿಗೂ ಅನುಮಾನ ಬಂತು. ತಂಗಿಯ ತಲೆ ಬಾಚುತ್ತಾ ಒಂದು ದಿನ ಕೇಳಿದಳು. "ಇವರು ಯಾಕೋ ಎಲ್ಲದಕ್ಕೂ ಎಡವ್ತಾರೆ ಕಣೇ. ಪಕ್ಕದಲ್ಲಿ ನಿಂತ್ರೆ ಗೊತ್ತೇ ಆಗಲ್ಲ, ಕೂಗಿದ್ರೆ ಬೆಚ್ಚಿಬೀಳ್ತಾರೆ. ನಿನಗೆ ಶುರುವಾದಾಗ ಹೀಗೇ ಇತ್ತಾ?"

ಅಕ್ಕನ ಬಾಚಣಿಗೆ ಕೂದಲಲ್ಲೇ ನಿಂತಿತ್ತು. ಕೇಳಿದ್ದು ಭಾವ ಅಲ್ಲ, ಅಕ್ಕ. ತಾಯಿ ಸತ್ತ ಮೇಲೆ ಈ ತಲೆಯನ್ನು ಬಾಚಿದ ಕೈ ಅದೊಂದೇ. ಪುಟ್ಟಿಗೆ ಅದು ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು.

"ಛೇ, ನನ್ನ ಥರ ಅಲ್ಲ" ಎಂದಳು. "ವಯಸ್ಸಾಯ್ತಲ್ಲ, ಪೊರೆ ಬರ್ತಿರ್ಬೇಕು. ಬಲೀಲಿ, ಆಮೇಲೆ ತೆಗೆಸಿದ್ರಾಯ್ತು."

"ಉಸ್ಸಪ್ಪ! ನೀನು ಹೇಳಿದ್ಮೇಲೆ ಸಮಾಧಾನ ಆಯ್ತು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು" ಎಂದು ಅಕ್ಕ ಜಡೆ ಹೆಣೆಯತೊಡಗಿದಳು.

ಬಲೀಲಿ. ಬಾಯಿಂದ ಹೊರಟ ಮೇಲೆ ಆ ಮಾತಿನೊಳಗೆ ಕೂತಿದ್ದ 'ಬಲಿ' ಅವಳಿಗೆ ಕೇಳಿಸಿತು. ಅವನು ಅಂದಾಗ ಅದು ಬರೀ ದಡ್ಡತನ. ಅವಳ ಬಾಯಲ್ಲಿ ಅದು ಬೇರೆಯೇ ಆಗಿತ್ತು. ಕೇಳಿಸಿದ ಮೇಲೂ ಅವಳು ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ವಿಷಯ ಹೊರಬಿದ್ದದ್ದು ನಡುಮಧ್ಯಾಹ್ನ. ಅಂಗಡಿಯಲ್ಲಿ ಭಾವ ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿದ್ದಾಗ ಬಲಗಣ್ಣಿಗೆ ಧೂಳು ಬಿತ್ತು. ಆ ಕಣ್ಣನ್ನು ಅಂಗೈಯಲ್ಲಿ ಒತ್ತಿಕೊಂಡ. ಮರುಕ್ಷಣ ಅವನ ಕೂಗು ಮಹಡಿಗೂ ಕೇಳಿಸಿತು.

"ಯಾಕ್ರೋ ಕರೆಂಟು ಹೋಯ್ತು?"

"ಕರೆಂಟೆಲ್ಲಿ ಹೋಗತ್ತೆ ಡಾಕ್ಟ್ರೇ, ಹೊರಗೆ ಸುಡುಬಿಸಿಲು" ಎಂದ ಕ್ಷೌರಿಕನ ದನಿ. ಆಮೇಲೆ ಪೆಟ್ಟಿಗೆ ಬಿದ್ದು ಬಾಟಲಿಗಳು ಒಡೆದ ಸದ್ದು.

ಮಹಡಿಯ ಕೋಣೆಯಲ್ಲಿ ಪುಟ್ಟಿ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು. ಇಷ್ಟು ದಿನ ಕಾದದ್ದು ಬಂದಿತ್ತು. ಸಂತೋಷವೂ ಬಂತು, ಹಲ್ಲು ಕಡಿಯುವಷ್ಟು.

ಮೂವರೂ ಆಸ್ಪತ್ರೆಗೆ ಹೋದರು. ಈ ಸಲ ಅಕ್ಕನ ಒಂದು ಕೈಯಲ್ಲಿ ತಂಗಿ, ಇನ್ನೊಂದು ಕೈಯಲ್ಲಿ ಗಂಡ. ಡಾಕ್ಟರಮ್ಮ ಅವನನ್ನು ಯಂತ್ರದ ಮುಂದೆ ಕೂರಿಸಿ, ಗದ್ದ ಇಡಿಸಿ, ಬಹಳ ಹೊತ್ತು ನೋಡಿದರು.

"ಎಡಗಣ್ಣಿನ ನೋಟ ಹೋಗಿದೆ. ಬಲಗಣ್ಣಿನ ಅಂಚು ತಿಂದಿದೆ, ನಡುಭಾಗ ಇದೆ. ಇವರದೇ ಥರ ಗ್ಲಾಕೋಮಾ."

ಭಾವನ ಮಾತು ತೊದಲಿತು. "ಹಾಕಿಸಿ ಡಾಕ್ಟ್ರೇ, ಯಾರದಾದ್ರೂ ಹಾಕಿಸಿ. ಸತ್ತೋರದ್ದೇ ಆಗ್ಲಿ. ಇಲ್ದಿದ್ರೆ ಇವಳದ್ದಿದೆಯಲ್ಲ, ಗಾಜು ಚೆನ್ನಾಗಿದೆ ಅಂದಿದ್ರಲ್ಲ ನೀವು. ಅವಳಿಗೆ ಹೇಗೂ ಉಪಯೋಗಕ್ಕಿಲ್ಲ..."

"ರೀ!" ಎಂದಳು ಅಕ್ಕ.

ಪುಟ್ಟಿ ನಕ್ಕುಬಿಟ್ಟಳು. ತಡೆಯಲಾಗಲಿಲ್ಲ. ಕಣ್ಣು ಕೊಡಲು ಬಂದಿದ್ದ ತ್ಯಾಗಮೂರ್ತಿ!

"ಅವರ ಗಾಜು ಅವರು ಹೋದ ಮೇಲೆ ಯಾರಿಗೋ ನೋಟ ಕೊಡಬಹುದು" ಎಂದರು ಡಾಕ್ಟರಮ್ಮ, ಒಣ ದನಿಯಲ್ಲಿ. "ನಿಮಗಲ್ಲ. ನಿಮ್ಮ ಗಾಜೂ ಚೆನ್ನಾಗೇ ಇದೆ. ನೀವೂ ಸ್ಟೀರಾಯ್ಡ್ ಹನಿ ಹಾಕ್ಕೋತಿದ್ರಾ? ಯಾವಾಗಿಂದ?"

"ಅವತ್ತು... ಇವಳ ಕಣ್ಣು ಹೋಗಿದೆ ಅಂತ ನೀವು ಹೇಳಿದ ದಿನದಿಂದ. ದಿನಾ."

ಪೆನ್ನು ಕೆಳಗಿಟ್ಟ ಸದ್ದು. ಡಾಕ್ಟರಮ್ಮ ಪುಟ್ಟಿಯ ಕಡೆ ತಿರುಗಿದ್ದು ಅವರ ಮಾತಿನಿಂದಲೇ ಗೊತ್ತಾಯಿತು. "ನಾನು ಕೇಳಿದ್ದೆನಲ್ಲಮ್ಮ. ಮನೇಲಿ ಇನ್ಯಾರಾದ್ರೂ ಹಾಕ್ಕೋತಾರಾ ಅಂತ. ಯಾರೂ ಇಲ್ಲ ಅಂದ್ರಿ. ಆಗ್ಲೇ ಬಂದಿದ್ರೆ ಎರಡೂ ಕಣ್ಣು ಉಳೀತಿತ್ತು."

ಪುಟ್ಟಿ ತಲೆ ತಗ್ಗಿಸಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದ ಭಾವ.

"ಗೊತ್ತಿತ್ತು. ಬಾಗಿಲಿಗೆ ಭುಜ ತಾಗಿದಾಗ ಗೊತ್ತಾಯ್ತು. ಅದಕ್ಕೂ ಮುಂಚೆ ಗೊತ್ತಿತ್ತು."

ಅವನು ಕೂಗಾಡುತ್ತಾನೆ ಅಂದುಕೊಂಡಿದ್ದಳು. ಕೂಗಾಡಿದರೆ ಏನು ಹೇಳಬೇಕು ಅನ್ನುವುದನ್ನು ವರ್ಷಗಳಿಂದ ಸಿದ್ಧಮಾಡಿಟ್ಟಿದ್ದಳು. ಅವನು ಕೂಗಾಡಲಿಲ್ಲ. ಇಷ್ಟು ಕಾಲದಲ್ಲಿ ಮೊದಲ ಸಲ ಅವನ ದನಿಯಲ್ಲಿ ಅಂಗಡಿ ಇರಲಿಲ್ಲ.

"ನಾನು ಕೊಟ್ಟ ಹನಿಯಿಂದ ನಿನ್ನ ಕಣ್ಣು ಹೋಯ್ತು ಪುಟ್ಟಿ. ಕೊಡುವಾಗ ಗೊತ್ತಿರಲಿಲ್ಲ. ಗೊತ್ತಾದ್ಮೇಲೆ ಒಪ್ಪಿಕೊಳ್ಳೋಕೆ ಧೈರ್ಯ ಬರಲಿಲ್ಲ. ಆದ್ರೆ ನೋಡ್ತಾ ನೋಡ್ತಾ ನಿನ್ನ ಕಣ್ಣು ತೆಗೀಲಿಲ್ಲಮ್ಮ ನಾನು. ನೀನು ತೆಗ್ದೆ."

ಬಂತು. ಅವಳು ಹಗಲೂ ಇರುಳೂ ಕಾದಿದ್ದ ಮಾತು, ಒಂದಕ್ಷರ ಕಮ್ಮಿಯಿಲ್ಲದೆ ಬಂತು. ಆದರೆ ಒಂಟಿಯಾಗಿ ಬರಲಿಲ್ಲ, ಬಾಲ ಕಟ್ಟಿಕೊಂಡು ಬಂತು. ಮೊದಲರ್ಧವನ್ನು ಮಾತ್ರ ಇಟ್ಟುಕೊಂಡು ಉಳಿದರ್ಧವನ್ನು ಅವನ ಮುಖಕ್ಕೆ ಎಸೆಯೋಣ ಅಂದರೆ, ಎರಡೂ ಒಂದೇ ಎಳೆಯಲ್ಲಿ ನೇಯ್ದಿದ್ದವು. ಅವಳಿಗೆ ಎಲ್ಲಿ ಬಿಡಿಸಬೇಕೋ ತಿಳಿಯಲಿಲ್ಲ.

"ಬಲಗಣ್ಣು ಉಳಿಸಬಹುದು" ಎಂದರು ಡಾಕ್ಟರಮ್ಮ. "ಇವತ್ತಿನಿಂದ ಬೇರೆ ಔಷಧಿ. ಆಪರೇಷನ್ ಬೇಕಾಗಬಹುದು."

ಉಳಿಸಬಹುದು ಅನ್ನುವ ಮಾತು ಕೇಳಿ ಪುಟ್ಟಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇಷ್ಟಾದ ಮೇಲೂ ಬಿತ್ತು. ಅದನ್ನು ಅವಳು ತನ್ನಿಂದಲೇ ಬಚ್ಚಿಡಲಿಲ್ಲ.

ಹೊರಗೆ ಪಡಸಾಲೆಗೆ ಬಂದ ಮೇಲೆ ಅಕ್ಕ ನಿಂತಳು.

"ಅವರ ಮೇಲೆ ನಿನಗೆ ಸಿಟ್ಟಿತ್ತು. ಇರಲಿ, ನ್ಯಾಯವಾಗೇ ಇತ್ತು. ನಿನ್ನ ಪರವಾಗಿ ನಾನೂ ಅವರ ಹತ್ರ ಎಷ್ಟು ಜಗಳ ಆಡಿದೀನಿ ನಿನಗೆ ಗೊತ್ತಿಲ್ಲ. ಆದ್ರೆ ಅವತ್ತು ಕೇಳಿದ್ದು ನಾನು ಕಣೇ. ನಿನ್ನ ತಲೆ ಬಾಚ್ತಾ ಕೇಳಿದ್ದೆ. ನನಗ್ಯಾಕೆ ಸುಳ್ಳು ಹೇಳ್ದೆ?"

"ಅಕ್ಕ" ಎಂದಳು ಪುಟ್ಟಿ, ಅಷ್ಟೇ. ಕೈ ಚಾಚಿದಳು.

ಚಾಚಿದ ಕೈಗೆ ಗೋಡೆ ಸಿಕ್ಕಿತು. ಸ್ವಲ್ಪ ಮುಂದೆ ಅಕ್ಕ ಗಂಡನನ್ನು ಇಳಿಸಿಕೊಂಡು ಹೋಗುತ್ತಿದ್ದಳು. ಅವನಿಗೆ ಹೇಳುತ್ತಿದ್ದಳು, ಎಡಗಡೆ ಕಂಬ ಇದೆ ರೀ, ಈಗ ಮೆಟ್ಟಿಲು, ಇನ್ನೊಂದು, ನಿಧಾನ, ಇಲ್ಲಿ ತಿರುವು. ಒಂದು ಸಲವೂ ಹಿಂದೆ ತಿರುಗಿ ಹೇಳಲಿಲ್ಲ. ಪುಟ್ಟಿ ಗೋಡೆಗೆ ಅಂಗೈ ಒತ್ತಿಕೊಂಡು, ಅವನಿಗಾಗಿ ಹೇಳಿದ ಮಾತುಗಳನ್ನು ಕೇಳಿಸಿಕೊಳ್ಳುತ್ತಾ ಅವರ ಹಿಂದೆ ಒಂದೊಂದೇ ಮೆಟ್ಟಿಲು ಇಳಿದಳು.